ಪಿಸುಮಾತಿನ ಮನೆ

ನನ್ನ ದನಿ ದೊಡ್ಡದು. ಹದಿನಾಲ್ಕು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವವಳ ದನಿ ಹಿಂದಿನ ಸೀಟಿಗೂ ಕೇಳಬೇಕಲ್ಲ! ಆದರೆ ನನ್ನ ಒಡಹುಟ್ಟಿದ ಅಕ್ಕನ ಮನೆಯಲ್ಲಿ ಈ ದನಿಗೆ ಮೂರು ಕಾಸಿನ ಬೆಲೆಯಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಅದನ್ನೂ ಬಿಟ್ಟು ಒಳಗೆ ಹೋಗಬೇಕು.

ಇದಕ್ಕೆಲ್ಲ ಕಾರಣ ಅವಳ ಮನೆಯ ಬೆನ್ನಿಗೇ ಅಂಟಿಕೊಂಡ ಹಿಂದಿನ ಮನೆ. ಭಾವನ ಅಣ್ಣನಿಗೆಂದು ಕಟ್ಟಿಸಿದ್ದು; ಅವರು ಬೇರೆ ಊರು ಸೇರಿದ ಮೇಲೆ ಖಾಲಿ ಬಿದ್ದಿತ್ತು. ಭಾವ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಅಕ್ಕ ಅದಕ್ಕೆ ಬಣ್ಣ ಬಳಿಸಿ, ರಜೆಗೆ ಬರುವವರಿಗೆ ಎರಡು ದಿನ, ಮೂರು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದಳು. ಸಮುದ್ರಕ್ಕೆ ಹತ್ತಿರ, ಜನ ಬಂದರು. ಆದರೆ ಎರಡೂ ಮನೆಗಳ ನಡುವೆ ಒಂದೇ ಗೋಡೆ. ಈ ಕಡೆಯವರು ಸೀನಿದರೆ ಆ ಕಡೆಯವರು ಮೂಗು ಒರೆಸಿಕೊಳ್ಳಬೇಕು, ಅಂಥ ಗೋಡೆ.

ಮೊದಲ ವರ್ಷವೇ ಯಾರೋ ಪುಣ್ಯಾತ್ಮರು ‘ಪಕ್ಕದ ಮನೆಯವರ ಜಗಳದಲ್ಲಿ ನಿದ್ದೆ ಬರಲಿಲ್ಲ’ ಎಂದು ಇಂಟರ್ನೆಟ್ಟಿನಲ್ಲಿ ಬರೆದು, ಎರಡು ಸ್ಟಾರ್ ಕೊಟ್ಟು ಹೋದರು. ಆಮೇಲೆ ಮೂರು ತಿಂಗಳು ಒಂದು ನರಪಿಳ್ಳೆಯೂ ಇತ್ತ ತಲೆಹಾಕಲಿಲ್ಲ. ಆಗ ಅಕ್ಕನ ಅತ್ತೆ ಕಾನೂನು ಮಾಡಿದರು: ಹಿಂದೆ ಜನ ಇರುವಷ್ಟು ದಿನ ಮುಂದಿನ ಮನೆಯಲ್ಲಿ ಪಿಸುಮಾತು ಮಾತ್ರ. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು,” ಎಂದು ತಾವೇ ಪಿಸುಗುಟ್ಟಿ ತೋರಿಸಿದರು.

ಆರು ವರ್ಷ ಹಾಗೇ ನಡೆಯಿತು. ಗಂಡ ಹೆಂಡತಿ ಕಣ್ಣು ಕೆಂಪಗೆ ಮಾಡಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು, ಬರೀ ಗಾಳಿಯಲ್ಲೇ ಜಗಳವಾಡುತ್ತಿದ್ದರು. “ನಿಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ!” ಎಂದು ಅಕ್ಕ ಬೈದರೆ ಮಗುವಿಗೆ ಜೋಗುಳ ಹಾಡಿದಂತಿರುತ್ತಿತ್ತು. ಕುರ್ಚಿಯ ಕಾಲಿಗೆಲ್ಲ ರಬ್ಬರು, ಪಾತ್ರೆಗಳ ನಡುವೆ ಬಟ್ಟೆ. ಅತ್ತೆ ಸೊಸೆ ಎದುರುಬದುರು ಕೂತು ಗೆಸ್ಟುಗಳ ಟವೆಲ್ ಮಡಚುತ್ತಾ, ಅದೇ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅತ್ತೆ ಸೊಸೆ ಅಷ್ಟು ಹೊಂದಿಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮಮ್ಮ ಹೋದ ಮೇಲೆ ಅಕ್ಕನಿಗೆ ಅವರೇ ಅಮ್ಮ. ನಾನೂ ಅಮ್ಮ ಎಂದೇ ಕರೆಯುತ್ತಿದ್ದೆ.

ಕಳೆದ ಶನಿವಾರ ಬೆಳಗ್ಗೆ ಏಳಕ್ಕೆ ಭಾವನ ಫೋನು. “ಅಮ್ಮ ಹೋಗ್ಬಿಟ್ಳು,” ಎಂದರು, ಅದೂ ಪಿಸುಮಾತಿನಲ್ಲೇ. ಅಷ್ಟು ತಣ್ಣಗೆ ಹೇಳಿದರೆ ಯಾರಿಗೆ ತಾನೇ ಹೊಳೆದೀತು? “ಎಲ್ಲಿಗೆ ಹೋದ್ರು?” ಎಂದು ಕೇಳಿಬಿಟ್ಟೆ. ನನ್ನ ಬಾಯಿಗೆ ಹುಳ ಬೀಳ!

ಡ್ಯೂಟಿ ಬಿಟ್ಟು ಓಡಿದೆ. ಅವರನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನೆರೆಹೊರೆಯವರು ಏಳೆಂಟು ಜನ ಗೋಡೆಗೆ ಒರಗಿ ಕೂತಿದ್ದರು, ಯಾರ ಬಾಯಲ್ಲೂ ಸೊಲ್ಲಿಲ್ಲ. “ಅಯ್ಯೋ ಅಮ್ಮಾ...” ಎಂದು ನಾನು ದನಿ ತೆಗೆದೆನೋ ಇಲ್ಲವೋ, ಅಕ್ಕ ಹಾರಿ ಬಂದು ನನ್ನ ಬಾಯಿಗೆ ಅಂಗೈ ಒತ್ತಿದಳು. ಒತ್ತಿದ ರಭಸಕ್ಕೆ ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂತು.

“ಹಿಂದೆ ಜನ ಇದ್ದಾರೆ ಕಣೇ. ನಿನ್ನೆ ಸಂಜೆ ಬಂದಿದ್ದಾರೆ, ಪುಟ್ಟ ಮಗು ಬೇರೆ ಇದೆ.”

“ನಿಂಗೇನು ತಲೆ ಕೆಟ್ಟಿದೆಯಾ? ಸತ್ತಿರೋದು ನಿಮ್ಮತ್ತೆ! ಹೇಳಿ ಕಳಿಸು ಅವ್ರನ್ನ!” ನನ್ನ ದನಿಯೂ ಪಿಸುಮಾತಿಗೆ ಇಳಿದಿತ್ತು.

“ಹೇಳಿದ್ರೆ ರಜ ಹಾಳಾಯ್ತು ಅಂತ ಬರೀತಾರೆ. ಸಾವಾದ ಮನೆ ಅಂತ ಗೊತ್ತಾದ್ರೆ ಇನ್ಯಾರು ಬರ್ತಾರೆ ಹೇಳು? ನಮಗಿರೋದು ಇದೊಂದೇ ಅಲ್ವೇನೇ? ಹತ್ತಕ್ಕೆ ಬೀಚಿಗೆ ಹೋಗ್ತಾರಂತೆ. ಹೋದ ಮೇಲೆ ಸಾಗಿಸೋಣ. ಆಮೇಲೆ ನೀನು ಎಷ್ಟು ಬೇಕಾದ್ರೂ ಅಳು.”

ಸಾಗಿಸೋಣವಂತೆ! ಹೆತ್ತವಳಿಗಿಂತ ಹೆಚ್ಚಾಗಿದ್ದವರನ್ನು ಯಾರೋ ಮರೆತುಹೋದ ಸೂಟ್‌ಕೇಸಿನ ಹಾಗೆ! ನನಗೆ ಮೈಯೆಲ್ಲ ಉರಿದುಹೋಯಿತು. ಭಾವನ ಕಡೆ ನೋಡಿದರೆ ಅವರು ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದರು, ಭುಜ ಮಾತ್ರ ಅಲುಗುತ್ತಿತ್ತು. ಅಕ್ಕನ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅವಳು ಗಡಿಯಾರ ನೋಡುತ್ತಿದ್ದಳು.

ಹತ್ತಾಯಿತು, ಹತ್ತೂವರೆಯಾಯಿತು. ಅವರು ಹೊರಡುವ ಸುಳಿವೇ ಇಲ್ಲ. ಗೋಡೆಯಾಚೆ ಹಾಡು ಹಾಕಿಕೊಂಡರು. ಮಗು ಧಪಧಪ ಕುಣಿಯುವ ಸದ್ದು, ಜೊತೆಗೆ ಅಪ್ಪ ಅಮ್ಮನ ಚಪ್ಪಾಳೆ. ಈಚೆ ಹೆಣದ ಸುತ್ತ ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಅಕ್ಕ ಎದ್ದು, ಅಂಗೈಯಲ್ಲಿ ಮುಖ ಒರೆಸಿಕೊಂಡು, ಬಾಗಿಲನ್ನು ಅರ್ಧ ತೆರೆದಳು. ಹಿಂದಿನ ಮನೆಗೆ ಬಂದಿದ್ದ ಹೆಂಗಸು.

“ಆಂಟಿ, ಇಸ್ತ್ರಿಪೆಟ್ಟಿಗೆ ಇದ್ರೆ ಕೊಡ್ತೀರಾ? ಅಜ್ಜಿ ಎಲ್ಲಿ, ಕಾಣ್ತಾನೇ ಇಲ್ಲ? ಇವತ್ತು ನನ್ನ ಮಗಳಿಗೆ ಕಥೆ ಹೇಳ್ತೀನಿ ಅಂದಿದ್ರು.”

“ಮಲಗಿದ್ದಾರೆ,” ಎಂದಳು ಅಕ್ಕ.

ನಗುನಗುತ್ತಾ ಹೇಳಿದಳು! ಬಾಗಿಲ ಮರೆಯಲ್ಲಿ ನಿಂತು ನಾನು ಆ ನಗು ನೋಡಿದೆ. ಇವಳ ಜೊತೆಗೇನಾ ನಾನು ಒಂದೇ ತಟ್ಟೆಯಲ್ಲಿ ಉಂಡು ಬೆಳೆದದ್ದು? ಇಸ್ತ್ರಿಪೆಟ್ಟಿಗೆ ಕೊಟ್ಟು, ಬಾಗಿಲು ಹಾಕಿ, ಮತ್ತೆ ಬಂದು ಗಡಿಯಾರದ ಕೆಳಗೆ ಕೂತಳು.

ಅಂತೂ ಹನ್ನೊಂದಕ್ಕೆ ಅವರ ಕಾರು ಹೊರಟಿತು. ಬೀದಿಯ ಕೊನೆಯಲ್ಲಿ ಕಾದಿದ್ದ ವ್ಯಾನನ್ನು ಭಾವ ಫೋನ್ ಮಾಡಿ ಕರೆಸಿದರು. ನಾಲ್ಕು ಜನ ಅಮ್ಮನನ್ನು ಸ್ಟ್ರೆಚರಿನಲ್ಲಿ ಎತ್ತಿಕೊಂಡು ಗೇಟು ದಾಟಿದ್ದರಷ್ಟೆ, ಅದೇ ಕಾರು ತಿರುಗಿ ಬಂತು. ಮಗುವಿನ ಟೋಪಿ ಮರೆತಿದ್ದರಂತೆ. ಇಳಿದ ಹೆಂಗಸು ನಮ್ಮನ್ನು ನೋಡಿದಳು, ಸ್ಟ್ರೆಚರಿನ ಮೇಲಿದ್ದ ಮುಖ ನೋಡಿದಳು.

“ಅಯ್ಯೋ ಅಜ್ಜೀ!” ಎಂದು ಚೀರಿದಳು. “ಆಗಲೇ ಹೋಗ್ಬಿಟ್ಟಿದ್ರಾ? ನಾವು ಅಲ್ಲಿ ಕುಣೀತಾ ಇದ್ವಲ್ಲ ಆಂಟಿ! ಒಂದು ಮಾತು ಹೇಳಬಾರದಿತ್ತಾ?” ಎನ್ನುತ್ತಾ ನಡುಬೀದಿಯಲ್ಲಿ ಗೋಳೋ ಎಂದು ಅತ್ತಳು. ಒಂದು ಸಂಜೆಯ ಪರಿಚಯ ಅಷ್ಟೆ. ಆ ಸಾವಿಗೆ ಬಾಯಿಬಿಟ್ಟು ಅತ್ತವರಲ್ಲಿ ಅವಳೇ ಮೊದಲಿಗಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಕ್ಕ ಅವಳ ಬಳಿ ಓಡಿದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟು, “ಶ್, ಮೆಲ್ಲಗಮ್ಮಾ, ಹಿಂದೆ ಗೆಸ್ಟ್ ಇದ್ದಾರೆ,” ಎಂದಳು.

ಹೆಂಗಸಿನ ಅಳು ಗಕ್ಕನೆ ನಿಂತಿತು. “ಆಂಟಿ, ಗೆಸ್ಟು ನಾವೇ ಅಲ್ವಾ?”

ಅಕ್ಕ ಅವಳನ್ನು ನೋಡಿದಳು. ತಿರುಗಿ ಹಿಂದಿನ ಮನೆಯ ಮುಚ್ಚಿದ ಬಾಗಿಲು ನೋಡಿದಳು.

“ಅಳೇ! ಈಗಲಾದ್ರೂ ಜೋರಾಗಿ ಅತ್ತುಬಿಡೇ!” ಎಂದು ನಾನು ಅವಳ ಭುಜ ಹಿಡಿದು ಕುಲುಕಿದೆ. ಅಕ್ಕ ಅತ್ತೆಯ ಕಾಲು ತಬ್ಬಿ ಕುಸಿದು ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು, ಮುಖ ಕೆಂಪೇರಿತು, ಕಣ್ಣೀರು ಧಾರಾಕಾರ ಸುರಿಯಿತು. “ಅತ್ತೇ, ಅತ್ತೇ” ಎಂದು ಕೂಗುತ್ತಿದ್ದಾಳೆಂದು ಅವಳ ತುಟಿ ನೋಡಿ ತಿಳಿದುಕೊಂಡೆ. ಪಕ್ಕದಲ್ಲೇ ಇದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.