ಬಾಟ್ಲು ನೀರು

ಮದ್ದೂರಿನ ನಮ್ಮ ಮನೆಯಲ್ಲಿ ಬೆಳಗಾಗುವುದೆಂದರೆ ನೀರು ಸೋಸುವುದು. ಹಳೆಯ ಪಂಚೆಯ ತುಂಡನ್ನು ಮಡಿಸಿ ಕೊಳದಪ್ಪಲೆಯ ಬಾಯಿಗೆ ಬಿಗಿದು, ಬೀದಿಯ ಬಾವಿಯಿಂದ ಸೇದಿ ತಂದ ನೀರನ್ನು ಸುರಿದು, ಬಟ್ಟೆಯ ಮೇಲೆ ಉಳಿದ ಸಣ್ಣಪುಟ್ಟ ಜೀವಿಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಸೀಮೆಎಣ್ಣೆ ಸ್ಟೌ ಹಚ್ಚುತ್ತೇನೆ. ಶುದ್ಧ ಜಲಕ್ಕೆ ಬಣ್ಣ, ವಾಸನೆ, ರುಚಿ ಇರುವುದಿಲ್ಲವೆಂದು ಕಾನ್ವೆಂಟಿನ ಸಿಸ್ಟರ್ ನನ್ನಿಂದ ಬಾಯಿಪಾಠ ಮಾಡಿಸಿದ್ದರು. ಗದ್ದೆಬಯಲಿನ ಬಸಿನೀರು ಸೇರುವ ನಮ್ಮ ಬಾವಿ ಈ ಮೂರರಲ್ಲಿ ಯಾವುದಕ್ಕೂ ಕೊರತೆ ಮಾಡಿಲ್ಲ.

ಆ ದಿನ ಮಾತ್ರ ಅಡುಗೆಮನೆಯ ಗೂಡಿನಲ್ಲಿ ಎರಡು ಗಾಜಿನ ಬಾಟಲಿಗಳು ಗಂಭೀರವಾಗಿ ನಿಂತಿದ್ದವು. ಬೊಂಬಾಯಿಯಿಂದ ಬಂದ ನಮ್ಮ ಭಾವನವರು ಹಾಸಿಗೆಯ ಸುರುಳಿಯ ಜೊತೆಗೆ ಕುಡಿಯುವ ನೀರನ್ನೂ ತಂದಿದ್ದರು. ನೀರನ್ನೂ ಅಂಗಡಿಯಲ್ಲಿ ಕೊಳ್ಳುತ್ತಾರೆಯೇ ಎಂದು ನಾನು ಬೆರಗಾದರೆ, "ನಿಮ್ಮ ಕಡೆಯ ನೀರು ನನಗೆ ಒಗ್ಗೊಲ್ಲಮ್ಮ" ಎಂದು ಇಡೀ ಮಂಡ್ಯ ಜಿಲ್ಲೆಯನ್ನೇ ಪಕ್ಕಕ್ಕೆ ಸರಿಸಿದರು. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಒಂದು ಬೆಟ್ಟದ ಚಿತ್ರವಿತ್ತು. ಯಾವ ಬೆಟ್ಟ, ಯಾವ ಒರತೆ ಎಂದರೆ ಭಾವನವರಿಗೂ ತಿಳಿಯದು. ನಮ್ಮ ನೀರಿನ ಮೂಲವಾದರೋ ಕಣ್ಣೆದುರೇ ಇದೆ; ಇಣುಕಿ ನೋಡಲು ಧೈರ್ಯ ಬೇಕು, ಅಷ್ಟೆ.

ಎದುರುಮನೆಯ ಪುಟ್ಟಮ್ಮನವರು ಕುಡಿಯುವುದೂ ಅದೇ ಬಾವಿಯ ನೀರನ್ನು. ಕುದಿಸಿ ಕುಡಿಯಿರಿ ಎಂದು ನಾನೊಮ್ಮೆ ಉಪದೇಶಿಸಿದಾಗ, "ಸೋಗೆ ಉರಿ ಮುದ್ದೆ ಬೇಯೋಗಂಟ ನಿಂತ್ರೆ ಸಾಕಾಗದೆ ಕಣಮ್ಮ, ನೀರ್ಗೆ ಎಲ್ಲಿಂದ ತರನ?" ಎಂದು ನಕ್ಕಿದ್ದರು. ಒಣಗಿದ ಕಬ್ಬಿನ ಸೋಗೆ ಭಗ್ಗನೆ ಹತ್ತಿ ಅಷ್ಟೇ ಬೇಗ ಬೂದಿಯಾಗುತ್ತದೆ. ಕುಡಿಯುವ ನೀರಿಗೆ ಉರಿಯೇ ಬೆಲೆ ಎಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ.

ಹಿಂದಿನ ದಿನದಿಂದ ಅವರ ಮೊಮ್ಮಗಳಿಗೆ ವಾಂತಿಭೇದಿ. ಆ ಬೆಳಿಗ್ಗೆ ನಾನು ಸ್ಟೌ ಆರಿಸುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಮಗುವನ್ನು ಸೀರೆಯಲ್ಲಿ ಸುತ್ತಿಕೊಂಡು ಮಂಡ್ಯದ ಬಸ್ಸಿಗೆ ಓಡಿದರು. ಕಣ್ಣು ಗುಳಿಬಿದ್ದು, ತುಟಿ ಬಿರಿದು, ಅಳುವುದಕ್ಕೂ ಆ ಮಗುವಿನಲ್ಲಿ ನೀರು ಉಳಿದಿರಲಿಲ್ಲ. ದಿನವಿಡೀ ನನ್ನ ಕಿವಿ ಬೀದಿಯಲ್ಲೇ ಇತ್ತು. ಊಟವಾದ ಮೇಲೆ ಭಾವನವರು ಬಾಟಲಿಯ ನೀರಿನಿಂದಲೇ ಬಾಯಿ ಮುಕ್ಕಳಿಸಿ ಹಿತ್ತಲಿಗೆ ಉಗಿದರು.

ಸಂಜೆ ಪುಟ್ಟಮ್ಮನವರು ಒಬ್ಬರೇ ಬಸ್ಸಿಳಿದು ಬಂದದ್ದು ಕಂಡು ನಾನು ಬೀದಿಗೆ ಓಡಿದೆ. ಕಂಬಳಿ ಒಯ್ಯಲು ಬಂದಿದ್ದರಂತೆ.

"ಕೂಸು ಇನ್ನೂ ಕಣ್ ಬುಟ್ಟಿಲ್ಲ ಕಣಮ್ಮ. ಕೈಗೆ ಸೂಜಿ ಚುಚ್ಚಿ ಬಾಟ್ಲು ನೀರು ಆಕವ್ರೆ. ಬೆಳಗಾಗೋಗಂಟ ಏನೂ ಯೋಳಕಾಗಲ್ಲ ಅಂದ್ರು ಡಾಕ್ಟ್ರು."

ಅವರು ಮನೆಗೆ ಬೀಗ ಹಾಕಿ, ಕಂಬಳಿಯನ್ನು ಹೆಗಲಿಗೇರಿಸಿ ಬಸ್ಸಿಗೆ ಹೊರಟವರು, ಏನೋ ನೆನಪಾದಂತೆ ತಿರುಗಿ ಮರುಕದಿಂದ ಕೇಳಿದರು:

"ನಿಮ್ಮನೇಗೂ ಬಾಟ್ಲು ನೀರು ತಂದವ್ರಂತಲ್ಲ, ಯಾರಿಗಮ್ಮ ಉಸಾರಿಲ್ಲ?"