ಕಾಮಾಕ್ಷಿಯವರ ಬಚ್ಚಲುಮನೆ ಕಚೇರಿ

ತೊಯೊಸು ಕಾಲುವೆಯ ಮೇಲೆ ಎಳೆಬಿಸಿಲು ಬೀಳುವ ಹೊತ್ತಿಗೆ, ಹದಿನೇಳನೇ ಮಹಡಿಯ ಮನೆಯಲ್ಲಿ ಕಾಮಾಕ್ಷಿ ಹಳೇ ಪಂಚೆಯಿಂದ ಸ್ನಾನದ ಟಬ್ಬು ಒರೆಸುತ್ತಿದ್ದಾರೆ. ಒರೆಸಿ, ಚಾಪೆ ಹಾಸಿ, ಬೆನ್ನಿಗೊಂದು ದಿಂಬು ಇಟ್ಟು, ಟಬ್ಬಿನ ಮುಚ್ಚಳವನ್ನು ಅಡ್ಡ ಹಾಕಿದರೆ ಮೇಜೂ ಸಿದ್ಧ. ಒಳಗಿಳಿದು ಕಾಲು ಚಾಚಿ ಕೂರುತ್ತಾರೆ. ಇದು ಟೋಕಿಯೋದ ಕೋಟೋ ವಾರ್ಡಿನ ಒಬ್ಬ ದುಭಾಷಿಯ ಕಚೇರಿ. ಮೊದಲ ಕರೆ ಹಮಾಮತ್ಸುವಿನಿಂದ. ಅಲ್ಲಿನ ಬಸುರಿಯೊಬ್ಬರಿಗೆ ಡಾಕ್ಟರ ಹತ್ತಿರ ಏನೇನು ಕೇಳಬೇಕೆಂದು ಮೊದಲೇ ಕಾಮಾಕ್ಷಿಗೆ ಹೇಳಿಡುವ ಆಸೆ.

ಮೈಸೂರಿನ ಕಾಮಾಕ್ಷಿ ಜಪಾನಿಗೆ ಬಂದದ್ದು ಗಂಡ ಹರಿಹರ ಅವರ ಕಂಪನಿ ಕೆಲಸದ ಜೊತೆಗೆ. ಭಾಷೆ ಕಲಿತು, ಭಾರತದ ಹೆಣ್ಣುಮಕ್ಕಳ ಜೊತೆ ಆಸ್ಪತ್ರೆಗಳಿಗೆ ಹೋಗಿಬರುತ್ತಿದ್ದರು. ಕೊರೋನಾ ಬಂತು, ಜೊತೆಗಾರರನ್ನು ಯಾರೂ ಒಳಗೆ ಬಿಡಲಿಲ್ಲ. ಕೆಲಸ ಫೋನಿಗೆ ಬಂತು. ಒಂದು ಕೋಣೆಯಲ್ಲಿ ಗಂಡನ ಮೀಟಿಂಗು, ಇನ್ನೊಂದರಲ್ಲಿ ಮಗಳ ಆನ್‌ಲೈನ್ ಪಾಠ. ಗುಟ್ಟಿನ ಮಾತಿಗೆ ಉಳಿದದ್ದು ಬಚ್ಚಲುಮನೆಯೇ.

"ನಮ್ಮ ಕೆಲಸದಲ್ಲಿ ಸ್ವಂತ ಸಿಟ್ಟು ಸೇರಿಸೋ ಹಾಗಿಲ್ಲ. ಡಾಕ್ಟರ್ ಏನಂದ್ರೋ ಅದೇ. ಆದ್ರೆ ಒಂದು ಪ್ರಶ್ನೆ ಹೇಳುವಾಗ ಮಾತ್ರ ಆ ಸಿಟ್ಟನ್ನ ನುಂಗ್ಕೊಂಡೇ ಹೇಳ್ಬೇಕು," ಎನ್ನುತ್ತಾರೆ ಅವರು.

ಆ ಪ್ರಶ್ನೆ: ಗಂಡನ ಸಹಿ ತಂದಿದ್ದೀರಾ? ಜಪಾನಿನಲ್ಲಿ ಮದುವೆಯಾದವಳು ಗರ್ಭಪಾತ ಮಾಡಿಸಿಕೊಳ್ಳಲು ಸಾಮಾನ್ಯವಾಗಿ ಗಂಡನ ಒಪ್ಪಿಗೆ ಬೇಕು. ಎರಡು ವರ್ಷದ ಹಿಂದೆ ಪಕ್ಕದ ಕಟ್ಟಡದಲ್ಲಿರುವ ಇಂದು ಎಂಬ ಕನ್ನಡತಿ ಈ ಪ್ರಶ್ನೆಗೆ ಸಿಕ್ಕಿಬಿದ್ದರು. ಸದ್ಯಕ್ಕೆ ಮಗು ಬೇಡವೆಂದು ಗಂಡ ಹೆಂಡತಿ ಫೋನಿನಲ್ಲೇ ನಿರ್ಧರಿಸಿದ್ದರು. ಗಂಡನೋ ಬೆಂಗಳೂರಿನಲ್ಲಿ, ಜಪಾನಿನ ಗಡಿ ಮುಚ್ಚಿತ್ತು, ಅಂಚೆ ಬರುವ ಖಾತ್ರಿಯಿರಲಿಲ್ಲ. ಸಹಿಯ ಮೂಲ ಪ್ರತಿಯೇ ಬೇಕೆಂದು ಕ್ಲಿನಿಕ್ ಹಟ ಹಿಡಿಯಿತು. ದಿನ ಮೀರಿದರೆ ಕಾನೂನಿನ ಬಾಗಿಲೂ ಮುಚ್ಚುತ್ತಿತ್ತು. ಕಾಮಾಕ್ಷಿ ಟಬ್ಬಿನಲ್ಲಿ ಕೂತು ಕ್ಲಿನಿಕ್ಕಿನ ಮೇಲೆ ಕ್ಲಿನಿಕ್ಕಿಗೆ ಫೋನ್ ಹಚ್ಚಿದರು. ಕೊನೆಗೆ ಒಬ್ಬ ಮುದಿ ಡಾಕ್ಟರು, ಗಂಡನನ್ನು ವಿಡಿಯೋದಲ್ಲಿ ನೋಡಿದರೆ ಸಾಕು ಎಂದರು. ಇಂದು ಚೇತರಿಸಿಕೊಂಡರು, ಆದರೆ ಆ ದಿನಗಳನ್ನು ಮರೆಯಲಿಲ್ಲ.

ಈ ವರ್ಷ, ಅಂದರೆ 2022ರ ಜೂನಿನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಕಿತ್ತುಹಾಕಿತು. ತೀರ್ಪು ಅಲ್ಲಿಯದು, ಬಿಸಿ ಇಲ್ಲಿಗೂ ತಟ್ಟಿತು. ಜಪಾನಿನ ಸಂಸತ್ತಿನ ಮೇಲ್ಮನೆ ಚುನಾವಣೆ ಬಾಗಿಲಲ್ಲೇ ಇದ್ದುದರಿಂದ ಕಟ್ಟಡದ ಜಪಾನಿ ಹೆಂಗಸರು ಅಭ್ಯರ್ಥಿ ತಕಾಹಾರಾ-ಸಾನ್ ಅವರನ್ನು ಆನ್‌ಲೈನ್ ಸಭೆಗೆ ಕರೆದರು. ಪ್ರಶ್ನೆ ಕೇಳಲು ಇಂದು ಮುಂದಾದರು. ಮಾತು ದಾಟಿಸಲು ಕಾಮಾಕ್ಷಿ, ತಮ್ಮ ಮಾಮೂಲಿ ಜಾಗದಿಂದ.

ಇಂದು ತಮ್ಮ ಕಥೆ ಹೇಳಿ, ಸಹಿಯ ಕಾನೂನು ತೆಗೆಯುತ್ತೀರಾ ಎಂದು ಕೇಳಿದರು. ನಮ್ಮ ದೇಶದಲ್ಲಿ ವಯಸ್ಕ ಹೆಣ್ಣಿಗೆ ಅವಳ ಸಹಿಯೇ ಸಾಕು ಎಂದೂ ಸೇರಿಸಿದರು. ತಕಾಹಾರಾ-ಸಾನ್ ಗಂಟಲು ಸರಿಮಾಡಿಕೊಂಡರು. ವಿಷಯ ಸೂಕ್ಷ್ಮ, ನಾನಾ ಅಭಿಪ್ರಾಯಗಳಿವೆ ಎಂದು ಎಣ್ಣೆ ಹಚ್ಚಿದವರಂತೆ ಜಾರತೊಡಗಿದರು.

ಆಗ ಅಡುಗೆಮನೆಯಲ್ಲಿ ಹರಿಹರ, ದಿನದ ರೂಢಿಯಂತೆ, ಸಂಜೆ ಸ್ನಾನಕ್ಕೆ ಟಬ್ಬು ತುಂಬಿಸುವ ಗುಂಡಿ ಒತ್ತಿದರು. ಬಚ್ಚಲುಗೋಡೆಯ ಯಂತ್ರ ಮಧುರ ದನಿಯಲ್ಲಿ, ಬಿಸಿನೀರು ತುಂಬಿಸುತ್ತಿದ್ದೇನೆ ಎಂದು ಇಡೀ ಸಭೆಗೆ ಜಪಾನಿಯಲ್ಲಿ ಸಾರಿತು. ಟಬ್ಬಿನ ಬಿರಡೆ ಹಾಕಿಯೇ ಇತ್ತು. ನೀರು ಚಾಪೆ ದಾಟಿ ಸೀರೆ ಹತ್ತಿತು. ಎದ್ದರೆ ಉತ್ತರ ತಪ್ಪುತ್ತದೆ. ಕಾಮಾಕ್ಷಿ ಫೋನನ್ನು ತಲೆಯ ಮೇಲಕ್ಕೆತ್ತಿ ಕೂತೇ ಇದ್ದರು. ಏನಾಯಿತೆಂದು ಅಭ್ಯರ್ಥಿ ಕೇಳಿದರು. ಸುಮಿಮಾಸೆನ್, ಕ್ಷಮಿಸಿ, ನಾನು ಸ್ನಾನದ ಟಬ್ಬಿನಲ್ಲಿದ್ದೇನೆ, ನೀರು ತುಂಬುತ್ತಿದೆ, ದಯವಿಟ್ಟು ಬೇಗ ಉತ್ತರಿಸಿ ಎಂದರು ಕಾಮಾಕ್ಷಿ. ಸಭೆ ಬಿದ್ದುಬಿದ್ದು ನಕ್ಕಿತು. ತಕಾಹಾರಾ-ಸಾನ್ ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕ ಮೇಲೆ ಮತ್ತೆ ಜಾರಲು ಅವರಿಗೆ ನಾಚಿಕೆಯಾಗಿರಬೇಕು.

ಒಂದೇ ಮಾತು ಹೇಳಿದರು. ಸೊಂಟದವರೆಗಿನ ನೀರಿನಲ್ಲಿ ಕೂತು ಕಾಮಾಕ್ಷಿ ಅದನ್ನು ಕನ್ನಡಕ್ಕೆ ತಂದರು: "ಆ ಸಹಿ ಬೇಡ. ನಾನು ಗೆದ್ದರೂ ಸೋತರೂ ಹೀಗೇ ಹೇಳುತ್ತೇನೆ."

ಅವರು ಸೋತರು. ಆದರೆ ಈಗಲೂ ರೈಲು ನಿಲ್ದಾಣದ ಮುಂದೆ ಮೈಕು ಹಿಡಿದಾಗಲೆಲ್ಲ ಆ ಮಾತು ಆಡುತ್ತಾರೆ. ಅವರನ್ನು ಸೋಲಿಸಿದವರನ್ನೂ ಜನ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ, ಮದುವೆಯಾಗದ ಹೆಣ್ಣಿಗೂ ಗರ್ಭಪಾತದ ಸಮಾನ ಹಕ್ಕಿದೆಯೆಂದು ಭಾರತದ ಸುಪ್ರೀಂ ಕೋರ್ಟು ಹೇಳಿದ ದಿನ, ಇಂದು ಕೇಸರಿಬಾತ್ ಮಾಡಿ ಕಟ್ಟಡದ ಜಪಾನಿ ಗೆಳತಿಯರಿಗೆಲ್ಲ ಹಂಚಿದರು. "ಅಕ್ಕಾ, ಇದು ನಿಮ್ಮ ಟಬ್ಬಿಗೆ," ಎಂದು ದೊಡ್ಡ ಡಬ್ಬಿಯನ್ನು ಕಾಮಾಕ್ಷಿಗೇ ಕೊಟ್ಟರು.

ಗುಂಡಿಯ ಮೇಲೆ ಈಗ ಕೆಂಪು ಟೇಪಿದೆ. ಹರಿಹರ ಅದನ್ನು ಮುಟ್ಟುವ ಮೊದಲು ಬಾಗಿಲು ತಟ್ಟುತ್ತಾರೆ. ಕಾನೂನು ಇನ್ನೂ ಬದಲಾಗಿಲ್ಲ. ಇಲ್ಲಿ ಕಾಮಾಕ್ಷಿಗೆ ವೋಟೂ ಇಲ್ಲ. ಏನಾದರೂ ಆಸೆಯಿದೆಯೇ ಎಂದರೆ, ಚಾಪೆ ಕೊಡವುತ್ತಲೇ ಹೇಳುತ್ತಾರೆ:

"ಫೋನು ಬರ್ತಾನೇ ಇರ್ಲಿ, ಎಲ್ಲಾ ಹೇಳ್ತೀನಿ. ಆ ಒಂದು ಪ್ರಶ್ನೆ ಮಾತ್ರ ನನ್ನ ಬಾಯಲ್ಲಿ ಯಾರೂ ಹೇಳಿಸದೆ ಇರೋ ದಿನ ಬರ್ಲಿ. ಆವತ್ತು ಇವರಿಗೆ ನಾನೇ ಹೇಳ್ತೀನಿ, ರೀ, ಒತ್ತಿ ಗುಂಡಿ ಅಂತ."