ಅತ್ತೆ ಕೊಟ್ಟ ನೋಟೀಸು

ಪಂಚಾಯ್ತಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತರೆ ನನ್ನ ಸೋದರತ್ತೆಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದೆರಡು ಸಭೆ ಕಾಲು ಇಳಿಬಿಟ್ಟು ನೋಡಿದಳು, ಸರಿಹೋಗಲಿಲ್ಲ. ಆಮೇಲೆ ಚಪ್ಪಲಿ ಕಳಚಿಟ್ಟು, ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿ ಸಭೆ ನಡೆಸತೊಡಗಿದಳು.

ಅವಳನ್ನು ಹಲಗೂರಿನ ಹತ್ತಿರದ ನಮ್ಮೂರಲ್ಲೇ, ನಾಲ್ಕು ಮನೆಯಾಚೆ ಕೊಟ್ಟಿದ್ದರು. ಊರ ಕಸ ಎಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರ ಪಂಚಾಯ್ತಿಯದು ಎಂದು ಗೊತ್ತಾದದ್ದೇ ತಡ, ಮನೆಮನೆ ಸುತ್ತಿದಳು. ಹಸಿಕಸ, ಒಣಕಸ ಬೇರೆ ಮಾಡುತ್ತಾ ಕೂರುವವರು ಯಾರೆಂದು ಹೆಂಗಸರು ಗೊಣಗಿದರೆ, “ಸೊಪ್ಪು ಸೋಸಾಕೆ ಬತ್ತದಲ್ವಾ? ಅಂಗೇ ಕಣಮ್ಮ ಇದೂವೆ,” ಅನ್ನುತ್ತಿದ್ದಳು. ನಾಲೆಗೆ ಕಸ ಸುರಿದವರಿಗೆ ನೋಟೀಸು ಎಂದು ಸಭೆಯಲ್ಲಿ ತೀರ್ಮಾನ ಮಾಡಿಸಿದಳು.

ಮೊದಲ ನೋಟೀಸು ಬಂದದ್ದು ನಮ್ಮ ಮನೆಗೆ.

ನನ್ನ ಮದುವೆಯ ಬೀಗರೂಟ ಮುಗಿದಿತ್ತು. ಅಡುಗೆಯವರು ಎಂಜಲು ತಟ್ಟೆ, ಪ್ಲಾಸ್ಟಿಕ್ ಲೋಟಗಳನ್ನೆಲ್ಲ ಟೆಂಪೋದಲ್ಲಿ ಒಯ್ದು ನಾಲೆಗೆ ಸುರಿದಿದ್ದರು. ಅಪ್ಪನಿಗೆ ಗೊತ್ತಿತ್ತು, ಸುಮ್ಮನಿದ್ದ. ಮೂರು ದಿನದಲ್ಲಿ ತೆಗೆಸಬೇಕೆಂದು ಬರೆದ ಕಾಗದದ ಕೆಳಗೆ ತಂಗಿಯ ಸಹಿ ನೋಡಿ ಅವನ ಮುಖ ಕೆಂಪಾಯಿತು.

“ಒಡುಟ್ಟಿದ ಅಣ್ಣಂಗೆ ನೋಟೀಸಾ? ಇನ್ನ ಅವ್ಳು ಈ ವಸ್ಲು ತುಳಿಯಂಗಿಲ್ಲ ಅಂತ ಯೋಳ್ಬುಡಿ!”

ಹೇಳಲು ನಾವು ಯಾರೂ ಹೋಗಲಿಲ್ಲ. ಆದರೂ ಸಂಜೆಯೊಳಗೆ ಮಾತು ಅವಳಿಗೆ ಮುಟ್ಟಿತ್ತು.

ಮಾರನೆಯ ಬೆಳಿಗ್ಗೆ ಯಾರೋ ಕೂಗಿದರೆಂದು ನಾಲೆಯ ಬಳಿ ಹೋದೆವು. ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಲ್ಲಿ ನಿಂತು, ತಟ್ಟೆಗಳನ್ನು ಆಯ್ದು ಗೊಬ್ಬರದ ಚೀಲಕ್ಕೆ ತುಂಬುತ್ತಿದ್ದಳು.

“ಮ್ಯಾಕೆ ಬಾಮ್ಮಿ! ಊರೋರು ನೋಡ್ತಾವ್ರೆ,” ಎಂದ ಅಪ್ಪ.

“ನೋಡ್ಲಿ ಬುಡು. ನಿಂಗೆ ನೋಟೀಸ್ ಕೊಡ್ದೆ ಬುಟ್ಟು ಬ್ಯಾರೆಯೋರ್ ಬಾಗ್ಲಿಗೆ ಎಂಗ್ ಓಗ್ಲಣ್ಣ ನಾನು?” ಅತ್ತೆ ಬಗ್ಗಿದವಳು ತಲೆ ಎತ್ತಲಿಲ್ಲ. “ನಿನ್ನೊಬ್ನೇ ನೀರಿಗಿಳ್ಸಾಕೆ ಮನ್ಸು ಬರ್ನಿಲ್ಲ. ಅದ್ಕೇ ಬಂದೆ.”

ಅಪ್ಪ ದಡದಲ್ಲೇ ಚಪ್ಪಲಿ ಕಳಚಿಟ್ಟ. ಆಮೇಲೆ ಪಂಚೆ ಎತ್ತಿ ಕಟ್ಟಿ ಇಳಿದ. ಹಿಂದೆಯೇ ನಾನು, ನನ್ನ ಹಿಂದೆ ಹೊಸ ಹೆಂಡತಿ.

“ಮದ್ವೆ ಎಣ್ಣು, ನೀ ಬ್ಯಾಡ ಕಣವ್ವ. ಚೀಲ ಇಡ್ಕೊ ಸಾಕು,” ಅಂದಳು ಅತ್ತೆ.

ಅವತ್ತು ಮಧ್ಯಾಹ್ನ ಅವಳು ಉಂಡದ್ದು ನಮ್ಮ ಮನೆಯಲ್ಲೇ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಈ ಸಲ ಗೌರಿಹಬ್ಬಕ್ಕೆ ಅಪ್ಪ, ತಂಗಿಗೆಂದು ವರ್ಷಾವರ್ಷ ತರುತ್ತಿದ್ದ ಅಭ್ಯಾಸಬಲದಿಂದ, ಮಳವಳ್ಳಿಯಿಂದ ಬಾಗಿನದ ಮೊರ ತಂದುಬಿಟ್ಟಿದ್ದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಾಗ ಪಂಚಾಯ್ತಿಯ ಕಸದ ಗಾಡಿ ಬಂತು. ಅದನ್ನು ಓಡಿಸುವ ಹೆಣ್ಣುಮಗಳನ್ನು ಕೆಲಸಕ್ಕೆ ಸೇರಿಸಿದವಳು ಅತ್ತೆಯೇ. ಅಪ್ಪ ಎದ್ದು ಹೋಗಿ ಮೊರವನ್ನು ಅವಳ ಕೈಗಿಟ್ಟ.

“ತಕ್ಕೊಳವ್ವ,” ಎಂದ. “ತವರಿಂದು ಅನ್ಕೊ.”